5×139.7 ಒಂದ ಇದ್ರ ಗಾಲಿ ಅದಲು ಬದಲು ಮಾಡಬಹುದೇನ್ರಿ? ಜಿಮ್ನಿ, ಜಿಪ್ಸಿ, ಹಳೇ ಜೀಪು, ಆಮ್ಯಾಲ ಆರು ಸ್ಟಡ್ಡಿನವೂ

ಡೋಣಿ ದಂಡಿ (ವಿಜಯಪುರ)

ನಮಸ್ಕಾರ್ರಿ ಎಲ್ಲಾರಿಗೂ. ಗಾಡಿ ಐದು ಬಾಗಿಲಿನ ಜಿಮ್ನಿ. ಕಂಪನಿ ಗಾಲಿ 15×5.5, ಟಾಯರ್ 195/80 ಆರ್15. ಎರಿ ಹೊಲಕ್ಕ, ಘಟ್ಟಕ್ಕ ಅಂತ ಎರಡನೇ ಸೆಟ್ ಗಾಲಿ ಇಟ್ಕೋಬೇಕಂತ ವಿಚಾರ ಅದ. ಗುಜರಿಯೊಳಗ ಜಿಪ್ಸಿ ಡಿಸ್ಕ್ (ಟಾಯರ್ ಇಲ್ದ ಗಾಲಿ) ಒಂದು ಸೆಟ್, ಹಳೇ ಮಹೀಂದ್ರಾ ಜೀಪಿನ ಡಿಸ್ಕ್ ಒಂದು ಸೆಟ್ ಸಿಗತಾವ. ಎರಡಕ್ಕೂ ಐದು ತೂತು. ಮಾರಾಂವ "ಪಿಸಿಡಿ ಒಂದ ಅದ, ಕಣ್ಣ ಮುಚ್ಚಿ ಹಾಕ್ರಿ" ಅಂತಾನ. (ಪಿಸಿಡಿ ಅಂದ್ರ ಸ್ಟಡ್, ಅಂದ್ರ ಗಾಲಿ ಬಿಗಿಯೋ ಬೋಲ್ಟ್, ಕೂಡೋ ತೂತುಗಳ ನಡು ಮ್ಯಾಲ ಹಾಯೋ ವೃತ್ತದ ವ್ಯಾಸ; 5×139.7 ಅಂದ್ರ ಐದು ತೂತು, 139.7 ಮಿ.ಮೀ.) ಕಣ್ಣ ತೆರದ ಹಾಕಬೇಕಂದ್ರ ಏನೇನು ನೋಡಬೇಕು, ತಿಳಿದವರು ಹೇಳ್ರಿ.

ಉದ್ಯಮಬಾಗ ಲೇತ್ (ಬೆಳಗಾವಿ)

ಪಿಸಿಡಿ ಮಟ್ಟಿಗೆ ಮಾರಾಂವ ಸುಳ್ಳು ಹೇಳಿಲ್ಲ. ಜಿಪ್ಸಿ, ಜಿಮ್ನಿ, ಹಳೇ ಸಿಜೆ ಜಾತಿಯ ಜೀಪು, ಮೂರೂ 5×139.7. ಐದೂವರೆ ಇಂಚು ಅಂತ ಹಳೇ ಮಿಸ್ತ್ರಿಗಳು ಹೇಳೂದೂ ಇದ. ಆದ್ರ ಮಾತಿನ ಮ್ಯಾಲ ರೊಕ್ಕ ಕೊಡಬ್ಯಾಡ್ರಿ, ವರ್ನಿಯರ್ (ಮಿ.ಮೀ. ಅಳಿಯೋ ಸಾಧನ) ಒಯ್ರಿ.

ಐದು ಸ್ಟಡ್ಡಿಗೆ ಎದುರು ಸ್ಟಡ್ ಇರೂದಿಲ್ಲ, ಅದಕ್ಕ ಅಡ್ಡ ಅಳಿಯಾಕ ಬರೂದಿಲ್ಲ. ಬಾಜೂ ಬಾಜೂ ಎರಡು ತೂತು ಹಿಡೀರಿ. ಒಂದರ ಎಡ ಅಂಚಿನಿಂದ ಇನ್ನೊಂದರ ಎಡ ಅಂಚಿಗೆ ಅಳದ್ರ ಅದು ನಡುವಿನಿಂದ ನಡುವಿಗೆ ಅಳದಂಗ ಆಗತೈತಿ. ಅದನ್ನ 1.701 ರಿಂದ ಗುಣಿಸಿದ್ರ ಪಿಸಿಡಿ. ಉಲ್ಟಾ ಲೆಕ್ಕ ನೆನಪಿಟ್ಕೊಂಡ್ರ ಗುಜರಿಯೊಳಗ ಅನುಕೂಲ:

64.7 ಮಿ.ಮೀ. ಬಂದ್ರ 110 (ಜೀಪ್ ಕಂಪಾಸ್ ಇದು). 67.2 ಬಂದ್ರ 114.3 (ಇನ್ನೋವಾ, ಕ್ರಿಸ್ಟಾ). 74.6 ಬಂದ್ರ 127 (ರ‍್ಯಾಂಗ್ಲರ್ ಜೆಕೆ, ಜೆಎಲ್). 82.1 ಬಂದ್ರ ನಿಮ್ಮ 139.7. 88.2 ಬಂದ್ರ 150 (ಲ್ಯಾಂಡ್ ಕ್ರೂಸರ್ 100 ಮತ್ತ 200). 94 ಬಂದ್ರ 160.

ತೂತಿನ ಬಾಯಿ ಕೋನ್ ಆಕಾರದ್ದು ಇರತೈತಿ, ಅದಕ್ಕ ಹಿಂದಿನ ಬದಿಯಿಂದ, ಚಪ್ಪಟೆ ಮುಖದ ಮ್ಯಾಲ ಅಳೀರಿ. ಮುಂದಿನಿಂದ ಅಳದ್ರ ಒಂದೊಂದು ಮಿ.ಮೀ. ತಪ್ಪು ಬರತೈತಿ. 112 ಮತ್ತ 114.3 ರ ನಡುವ ಬಾಜೂ ತೂತಿನ ಫರಕು ಬರೇ 1.35 ಮಿ.ಮೀ. ಅಲ್ಲೇ ಮಂದಿ ಮೋಸ ಹೋಗೂದು. ಎರಡು ನಟ್ ಸಲೀಸು ಕೂಡತಾವ, ಮೂರನೇದು ಸ್ಟಡ್ ಬಗ್ಗಿಸಿ ಕೂಡತೈತಿ. ಬಗ್ಗಿದ ಸ್ಟಡ್ ಓಡ್ತಾ ಓಡ್ತಾ ಕೊರಳಿನ ಹತ್ರ ಕಡೀತೈತಿ.

ಇನ್ನೊಂದು. ನಿಮ್ಮ ರಿಮ್ಮಿನ ಅಗಲ 5.5 ಇಂಚು, ಅದೂ 139.7 ಮಿ.ಮೀ.ನ. ರಿಮ್ ಅಗಲ ಅಳದು "ಪಿಸಿಡಿ ಸರಿ ಐತಿ" ಅನ್ನೋರೂ ಅದಾರ.

ಇಳಕಲ್ ನಾಲ್ಕು ಗಾಲಿ (ಬಾಗಲಕೋಟೆ)

ಬೊಲೆರೊ, ಸ್ಕಾರ್ಪಿಯೊ ಡಿಸ್ಕ್ ಬಾಳ ಅಗ್ಗ ಸಿಗತಾವಲ್ರಿ. ಅವು ಯಾವ ಪಿಸಿಡಿ?

ಉದ್ಯಮಬಾಗ ಲೇತ್ (ಬೆಳಗಾವಿ)

ಹೆಸರಿನ ಮ್ಯಾಲ ಹೇಳೂದಿಲ್ಲ. ಒಂದ ಹೆಸರಿನಡಿ ಹಲವು ತಲೆಮಾರು ಬಂದಾವ. 82.1 ಬಂದ್ರ ಮಾತಾಡ್ರಿ, 94 ಬಂದ್ರ ಕೈ ಮುಗದು ಮುಂದ ಹೋಗ್ರಿ.

ಜಮಖಂಡಿ ಗ್ಯಾರೇಜ್ (ಬಾಗಲಕೋಟೆ)

ಪಿಸಿಡಿ ಆತು. ಅದು ಬಾಗಿಲ ಅಷ್ಟ, ಒಳಗ ಇನ್ನೂ ನಾಕು ಹೊಸ್ತಿಲ ಅದಾವ: ನಡುವಿನ ತೂತು, ನಟ್ಟಿನ ಥ್ರೆಡ್ ಮತ್ತ ಕೂಡೋ ಜಾಗ, ಆಫ್‌ಸೆಟ್, ಬ್ರೇಕ್ ಕ್ಯಾಲಿಪರ್. ನಾನು ನಟ್ಟಿನ ಬಗ್ಗೆ ಹೇಳತೀನಿ, ಯಾಕಂದ್ರ ಗಾಲಿ ಕಳಚಿ ಬೀಳೂದು ಇದರಿಂದನ.

ಜಿಮ್ನಿ, ಜಿಪ್ಸಿ ಸ್ಟಡ್ ಎಂ12×1.25, ಅಂದ್ರ 12 ಮಿ.ಮೀ. ದಪ್ಪ, ಥ್ರೆಡ್ಡಿನಿಂದ ಥ್ರೆಡ್ಡಿಗೆ ಅಂತರ (ಪಿಚ್) 1.25 ಮಿ.ಮೀ. ಟೊಯೊಟಾ ಫಾರ್ಚುನರ್, ಪಜೇರೊ ಎಂ12×1.5. ಲ್ಯಾಂಡ್ ಕ್ರೂಸರ್ 200, ರ‍್ಯಾಂಗ್ಲರ್ ಜೆಎಲ್ ಎಂ14×1.5. ಹಳೇ ಜೀಪಿನವು ಸಾಮಾನ್ಯವಾಗಿ ಅರ್ಧ ಇಂಚು, ಇಂಚಿಗೆ 20 ಥ್ರೆಡ್.

1.5 ರ ನಟ್ಟು 1.25 ರ ಸ್ಟಡ್ಡಿಗೆ ಹಾಕಿದ್ರ ಒಂದೆರಡು ಸುತ್ತಿಗೆ ಬಿಗಿತೈತಿ, ಕೈಗೇ ಗೊತ್ತಾಗತೈತಿ. ಪಂಚರ್ ಅಂಗಡಿಯೊಳಗ ಏರ್ ಗನ್ ಹಿಡದ್ರ ಮಾತ್ರ ಗೊತ್ತಾಗೂದಿಲ್ಲ, ಥ್ರೆಡ್ ಕೆತ್ತಿಕೊಂಡ ಒಳಗ ಹೋಗತೈತಿ.

ಇದಕ್ಕಿಂತ ಘಾತುಕ ಅಂದ್ರ ಹಳೇ ಜೀಪಿನ ನಟ್ಟು. ಅರ್ಧ ಇಂಚು ಅಂದ್ರ 12.7 ಮಿ.ಮೀ., ಇಂಚಿಗೆ 20 ಅಂದ್ರ ಪಿಚ್ 1.27. ನಿಮ್ಮ ಸ್ಟಡ್ 12 ಮಿ.ಮೀ., ಪಿಚ್ 1.25. ಪಿಚ್ ಹೆಚ್ಚೂ ಕಡಿಮಿ ಒಂದ, ನಟ್ಟು ದೊಡ್ಡದು. ಕೈಯಿಂದನ ಸಲೀಸಾಗಿ ಕೊನೀ ತನಕ ತಿರುಗತೈತಿ, ಒಂದಿಷ್ಟು ಬಿಗಿಯೂ ಬರತೈತಿ. ಆದ್ರ ಹಿಡದಿದ್ದು ಥ್ರೆಡ್ಡಿನ ತುದಿ ಅಷ್ಟ. ಜೋರು ಬಿತ್ತಂದ್ರ ಜಾರತೈತಿ. ಡಿಸ್ಕ್ ಕೊಂಡಾಗ ಚೀಲದಾಗ ನಟ್ಟೂ ಹಾಕಿ ಕೊಟ್ರ ಅಲ್ಲೇ ವಾಪಸ್ ಕೊಟ್ಟ ಬಿಡ್ರಿ. ನಟ್ಟು ಯಾವತ್ತೂ ಹಬ್ಬಿನ (ಗಾಡಿಯೊಳಗ ಗಾಲಿ ಕೂಡೋ ನಡುಭಾಗ, ಹಬ್) ಸ್ಟಡ್ಡಿಗೆ ಹೊಂದಬೇಕು, ಡಿಸ್ಕಿಗೆ ಹೊಂದಬೇಕಾದ್ದು ನಟ್ಟಿನ ಮೂತಿ ಅಷ್ಟ.

ಹಳೇ ಜೀಪಿನೊಳಗ ಎಡಗಡೆ ಗಾಲಿಗೆ ಉಲ್ಟಾ ಥ್ರೆಡ್ ಇರೂದುಂಟು, ಸ್ಟಡ್ಡಿನ ತುದಿಗೋ ನಟ್ಟಿಗೋ "ಎಲ್" ಗುರುತು ಹೊಡದಿರತಾರ. ಅದು ಗೊತ್ತಿಲ್ದ ಪಾನಾದ ಮ್ಯಾಲ ಹತ್ತಿ ನಿಂತ್ರ ಸ್ಟಡ್ ಮುರೀತೈತಿ. ನಿಮ್ಮ ಗಾಡಿಗೆ ಸಂಬಂಧ ಇಲ್ಲ, ಆದ್ರ ಈ ಮಾತುಕತೆ ಓದೋ ಜೀಪಿನವರಿಗೆ ಬೇಕು.

ಎಷ್ಟು ಸುತ್ತು ಹಿಡೀಬೇಕು? ಸ್ಟಡ್ಡಿನ ದಪ್ಪದಷ್ಟರ ಥ್ರೆಡ್ ಒಳಗ ಕೂಡಬೇಕು. ಎಂ12×1.25 ಕ್ಕ ಹತ್ತು ಸುತ್ತು, ಎಂ12×1.5 ಕ್ಕ ಎಂಟು, ಎಂ14×1.5 ಕ್ಕ ಒಂಬತ್ತೂವರೆ, ಅರ್ಧ ಇಂಚಿಗೆ ಹತ್ತು. ನಟ್ಟಿನ ಮೂತಿ ಡಿಸ್ಕಿಗೆ ಮುಟ್ಟೂತನ ಕೈಯಿಂದ ಎಣಿಸ್ರಿ. ಆರು ಸುತ್ತಿಗೆ ಮುಟ್ಟಿದ್ರ ಆ ಗಾಲಿ ಹಾಕಬ್ಯಾಡ್ರಿ, ಇಲ್ಲಾ ಉದ್ದ ಸ್ಟಡ್ ಹಾಕಿಸ್ರಿ.

ಖಾನಾಪುರ ಕೆಸರು (ಬೆಳಗಾವಿ)

ಆಫ್‌ಸೆಟ್ ನನಗ ಬಿಡ್ರಿ.

ಜಿಮ್ನಿ ಕಂಪನಿ ಗಾಲಿ 5.5ಜೆ (ರಿಮ್ ಅಗಲ 5.5 ಇಂಚು), ಆಫ್‌ಸೆಟ್ +5. ಅಂದ್ರ ಹಬ್ಬಿಗೆ ಕೂಡೋ ಮುಖ ರಿಮ್ಮಿನ ನಟ್ಟನಡು ಗೆರೆಗಿಂತ 5 ಮಿ.ಮೀ. ಹೊರಗ ಐತಿ. ಮಾರ್ಕೆಟ್ಟಿನ್ಯಾಗ ಮಂದಿ ಹಾಕಿಸೂದು 7ಜೆ, ಆಫ್‌ಸೆಟ್ 0. ಲೆಕ್ಕ ಹಾಕ್ರಿ. ಅರ್ಧ ಅಗಲ ಮೊದಲು 69.85, ಈಗ 88.9. ಹೊರಬದಿ: 64.85 ಇದ್ದದ್ದು 88.9 ಆತು, ಅಂದ್ರ 24 ಮಿ.ಮೀ. ಹೊರಗ ಬಂತು. ಒಳಬದಿ: 74.85 ಇದ್ದದ್ದು 88.9, ಅಂದ್ರ 14 ಮಿ.ಮೀ. ಒಳಗೂ ಹೋತು. ಎರಡೂ ಕಡೆ ಬೆಳೀತೈತಿ ಅನ್ನೂದನ್ನ ಮಂದಿ ಮರೀತಾರ. ಹೊರಗ ಫೆಂಡರ್ ನೋಡತಾರ, ಒಳಗ ಸ್ಟೀರಿಂಗ್ ಪೂರ್ತಿ ತಿರುಗಿಸಿದಾಗ ರೇಡಿಯಸ್ ಆರ್ಮಿಗೆ (ಆಕ್ಸಲ್ ಹಿಡಿಯೋ ತೋಳಿಗೆ) ಟಾಯರ್ ಉಜ್ಜೂದು ಆಮ್ಯಾಲ ಕೇಳತೈತಿ.

ಗುಜರಿ ಡಿಸ್ಕಿನ ಮ್ಯಾಲ ಆಫ್‌ಸೆಟ್ ಓದಾಕ ಬರದಂಗ ಜಂಗ ಹತ್ತಿರತೈತಿ. ಡಿಸ್ಕ್ ಮುಖ ಕೆಳಗ ಮಾಡಿ ಮಲಗಿಸಿ, ಹಿಂದಿನ ಅಂಚಿನ ಮ್ಯಾಲ ಸೀದಾ ಪಟ್ಟಿ ಇಟ್ಟು, ಪಟ್ಟಿಯಿಂದ ಹಬ್ಬಿಗೆ ಕೂಡೋ ಮುಖದ ತನಕ ಅಳೀರಿ. ಅಂಚಿನಿಂದ ಅಂಚಿಗೆ ಪೂರ್ತಿ ಹೊರ ಅಗಲವನ್ನೂ ಅಳದು ಅರ್ಧ ಮಾಡ್ರಿ. ಮೊದಲನೇದರೊಳಗ ಎರಡನೇದು ಕಳದ್ರ ಆಫ್‌ಸೆಟ್. 5.5ಜೆ ರಿಮ್ಮಿನ ಹೊರ ಅಗಲ ಅಂಚು ಸೇರಿ ಸುಮಾರು 165 ಬರತೈತಿ, ಅರ್ಧ 82.5. ಹಿಂದಿನ ಅಳತಿ 87-88 ಬಂದ್ರ ನಿಮ್ಮ ಕಂಪನಿ ಗಾಲಿಗೆ ಸಮ.

ಹೊರಗ ಬಂದಷ್ಟೂ ಗಾಡಿ ನಿಂತ ನೋಟ ಚಂದ. ಆದ್ರ ಕಿಂಗ್ ಪಿನ್ನಿನ (ಸ್ಟೀರಿಂಗ್ ತಿರುಗಿಸಿದಾಗ ಮುಂದಿನ ಗಾಲಿ ಹೊರಳೋ ಗೂಟದ) ಗೆರೆ ನೆಲಕ್ಕ ಮುಟ್ಟೋ ಜಾಗದಿಂದ ಟಾಯರಿನ ನಡು ದೂರ ಹೋಗತೈತಿ. ಕಲ್ಲಿಗೆ ಬಡದಾಗ ಸ್ಟೀರಿಂಗ್ ಕೈಯಾಗಿಂದ ಕಿತ್ಕೊಂಡು ತಿರುಗತೈತಿ, ಬೇರಿಂಗ್ ಮ್ಯಾಲ ಭಾರ ಏರತೈತಿ. ಜಿಪ್ಸಿ, ಜಿಮ್ನಿ ಎರಡೂ ಮುಂದ ಗಟ್ಟಿ ಆಕ್ಸಲ್ಲಿನವು. ಕಿಂಗ್ ಪಿನ್ ಬೇರಿಂಗ್ ಸಡಿಲಿದ್ದು, ಅದರ ಮ್ಯಾಲ ಆಫ್‌ಸೆಟ್ಟೂ ಬದಲಾತಂದ್ರ 60-70 ರ ಸ್ಪೀಡಿಗೆ ಸ್ಟೀರಿಂಗ್ ತರತರ ನಡಗಾಕ ಹತ್ತತೈತಿ.

ಇಳಕಲ್ ನಾಲ್ಕು ಗಾಲಿ (ಬಾಗಲಕೋಟೆ)

ಒಳಗ ಉಜ್ಜಿದ್ರ ಹಬ್ಬಿಗೂ ಗಾಲಿಗೂ ನಡುವ ಸ್ಪೇಸರ್ ಬಿಲ್ಲಿ ಹಾಕಿದ್ರ ಮುಗೀತಲ್ರಿ. 5 ಎಂ.ಎಂ.ದು ಆನ್‌ಲೈನ್ ಸಿಗತೈತಿ. ಎಲ್ಲಾರೂ ಹಾಕ್ಕೊಂಡ ಓಡಸತಾರ.

ಜಮಖಂಡಿ ಗ್ಯಾರೇಜ್ (ಬಾಗಲಕೋಟೆ)

ತಮ್ಮಾ, ಆ 5 ಮಿ.ಮೀ. ನಿನ್ನ ಸ್ಟಡ್ಡಿನಿಂದನ ಹೋಗತೈತಿ. 1.25 ರ ಪಿಚ್ಚಿಗೆ ನಾಕು ಸುತ್ತು ಕಡಿಮಿ. ಮ್ಯಾಲ ಹತ್ತು ಸುತ್ತು ಬೇಕಂತ ಹೇಳೀನಿ. ಉದ್ದ ಸ್ಟಡ್ ಇಲ್ದ ಬರೇ ತುರುಕೋ ಸ್ಪೇಸರ್ ಹಾಕೂದು ಬ್ಯಾಡ. ಹಬ್ಬಿನ ನಡುವಿನ ಕಟ್ಟೂ ಸ್ಪೇಸರಿನೊಳಗ ಮುಳುಗತೈತಿ, ಗಾಲಿ ಕೂಡಾಕ ಅಂಚ ಉಳಿಯೂದಿಲ್ಲ.

ಉದ್ಯಮಬಾಗ ಲೇತ್ (ಬೆಳಗಾವಿ)

ನಟ್ ಹಾಕಿ ಕೂಡಿಸೋ ದಪ್ಪ ಸ್ಪೇಸರ್ ಬ್ಯಾರೆ ಜಾತಿ. ಅದು ಹಬ್ಬಿಗೆ ಒಂದು ಸೆಟ್ ನಟ್ಟಿನಿಂದ ಬಿಗಿಯಾಗತೈತಿ, ಅದರೊಳಗಿನ ಸ್ಟಡ್ಡಿಗೆ ಗಾಲಿ ಬಿಗಿಯಾಗತೈತಿ. ಒಳಗಿನ ನಟ್ಟು ಮುಖದ ಕೆಳಗ ಮುಳುಗಬೇಕು, ಅದಕ್ಕ ದಪ್ಪ 25 ಮಿ.ಮೀ. ಆದ್ರೂ ಬೇಕು. 20 ರದ್ದು ಹಾಕಿದ್ರ ಹಬ್ಬಿನ ಹಳೇ ಸ್ಟಡ್ ತುದಿ ಹೊರಗ ಬಂದು ಡಿಸ್ಕಿನ ಹಿಂದ ತಾಗತೈತಿ. ಅಲಾಯ್ ಗಾಲಿಗೆ ಹಿಂದ ಗುಂಡಿ ಇರತಾವ, ಸಾಲಬಹುದು. ಸ್ಟೀಲ್ ಡಿಸ್ಕ್ ಚಪ್ಪಟೆ, ಸಾಲೂದಿಲ್ಲ. ತಾಗಿದ್ರೂ ನಟ್ಟು ಬಿಗಿಯಾದಂಗ ಅನಸತೈತಿ, ಅದ ಅಪಾಯ.

114.3 ರ ಹಬ್ಬಿಗೆ 139.7 ರ ಗಾಲಿ ಹಾಕೋ ಅಡಾಪ್ಟರೂ ಇದ ಲೆಕ್ಕ. 25-30 ಮಿ.ಮೀ. ದಪ್ಪ, ಅಂದ್ರ ಅಷ್ಟ ಗಾಲಿ ಹೊರಗ.

"ನಿಮ್ಮ ಲೇತ್‌ನ್ಯಾಗ ಮಾಡಿಕೊಡ್ರಿ" ಅಂತ ಬರತಾರ. ಅಳತಿ ತಗದು ಕೊರಿಯೂದು ಉದ್ಯಮಬಾಗದೊಳಗ ಯಾರಿಗೂ ಕಷ್ಟಲ್ಲ. ಪ್ರಶ್ನೆ ಮಾಲಿನದು. 6061-ಟಿ6 ಅಲ್ಯೂಮಿನಿಯಂ ಪಟ್ಟಿ ಸರ್ಟಿಫಿಕೇಟ್ ಸಮೇತ ತಂದ್ರ ವಿಚಾರ ಮಾಡಬಹುದು. ಗುಜರಿ ಪಿಸ್ಟನ್ ಕರಗಿಸಿ ಎರಕ ಹೊಯ್ದ ಗಟ್ಟಿಯಿಂದ ಅಂತೂ ಬ್ಯಾಡವೇ ಬ್ಯಾಡ. ಎರಕದೊಳಗ ಗಾಳಿ ಗುಳ್ಳಿ ಇದ್ರ ಬಿರುಕು ಸ್ಟಡ್ಡಿನ ತೂತಿನಿಂದನ ಹೊಂಟ ಬರತೈತಿ.

ಡೋಣಿ ದಂಡಿ (ವಿಜಯಪುರ)

ಸ್ಪೇಸರ್ ವಿಚಾರ ಬಿಟ್ಟೆರಿ. ಹಂಗಾದ್ರ ಎರಡರೊಳಗ ಯಾವ ಡಿಸ್ಕ್?

ಖಾನಾಪುರ ಕೆಸರು (ಬೆಳಗಾವಿ)

ಜಿಪ್ಸಿದು. ಜೀಪಿನವು 16 ಇಂಚಿನ, 4.5 ಇಂಚು ಅಗಲದವು ಇದ್ರ ಅವು 6.00-16 ಟಾಯರಿಗೆ ಮಾಡಿದವು, ಟ್ಯೂಬ್ ಹಾಕೋ ಕಾಲದವು. ನಿಮ್ಮ 15 ಇಂಚಿನ ಟಾಯರ್ ಅವಕ್ಕ ಕೂಡೂದ ಇಲ್ಲ. 15 ಇಂಚಿನವ ಸಿಕ್ರೂ ಒಳಗ ಕೈಯಾಡಿಸಿ ನೋಡ್ರಿ. ಟ್ಯೂಬ್‌ಲೆಸ್ ರಿಮ್ಮಿಗೆ ಬೀಡ್ (ಟಾಯರಿನ ಒಳ ಅಂಚು) ಕೂಡೋ ಜಾಗದ ಬಾಜೂಕ ಸುತ್ತಲೂ ಸಣ್ಣ ಉಬ್ಬು ಇರತೈತಿ, ಗಾಳಿ ಕಡಿಮಿ ಮಾಡಿ ಓಡಿಸಿದಾಗ ಬೀಡ್ ಒಳಗ ಜಾರದಂಗ ಹಿಡಿಯೂದು ಅದ. ಹಳೇ ಡಿಸ್ಕಿಗೆ ಅದು ಇರೂದಿಲ್ಲ. ರಿವೆಟ್ ಹೊಡದು ಕೂಡಿಸಿದ್ದಾದ್ರ ರಿವೆಟ್ಟಿನ ಬುಡದಿಂದ ಗಾಳಿ ಸೋರತೈತಿ. ಜಾಂಬೋಟಿ, ಕಣಕುಂಬಿ ಕಡೆ ಜಂಬಿಟ್ಟಿಗೆ ಕಲ್ಲಿನ ಮ್ಯಾಲ 18 ಪಿಎಸ್‌ಐ ಗಾಳಿಯೊಳಗ ಹೋಗಾವರಿಗೆ ಆ ಉಬ್ಬು ಬೇಕೇ ಬೇಕು.

ಉದ್ಯಮಬಾಗ ಲೇತ್ (ಬೆಳಗಾವಿ)

ನಡುವಿನ ತೂತೂ ನೋಡ್ರಿ. ಜಿಮ್ನಿ, ಜಿಪ್ಸಿ ಎರಡಕ್ಕೂ 108 ಮಿ.ಮೀ. ಜಿಪ್ಸಿ ಮುಂದಿನ ಹಬ್ಬಿಗೆ ಕೈಲೆ ತಿರುಗಿಸೋ ಲಾಕ್ ಇರತೈತಿ, ಅದು ಪೂರ್ತಿ ಡಿಸ್ಕಿನ ತೂತಿನಿಂದ ಹೊರಗ ಬರಬೇಕು. ಅದಕ್ಕ ಇಷ್ಟು ದೊಡ್ಡ ತೂತು. ಹಳೇ ಜೀಪಿಂದು ಇಂಚಿನ ಲೆಕ್ಕದೊಳಗ ನಾಲ್ಕೂಕಾಲು, ಅಂದ್ರ 107.95. ಕಾಗದದ ಮ್ಯಾಲ ಒಂದ, ಆದ್ರ ಬಣ್ಣ ಬಳದು ಜಂಗ ಹತ್ತಿದ್ದು ಕೂಡಾಕ ಒಲ್ಲೆ ಅಂತೈತಿ. ಕೂಡದಿದ್ರ ನಟ್ಟಿನ ಜೋರಿನಿಂದ ಎಳದು ಕೂಡಿಸಬ್ಯಾಡ್ರಿ. ಎಮರಿ ಪೇಪರ್ ಹಾಕಿ, ಆಗದಿದ್ರ ಲೇತಿಗೆ ಕಟ್ಟಿ ಕೂದಲೆಳಿಯಷ್ಟು ತಗಸ್ರಿ.

ಆರು ಸ್ಟಡ್ (ಬೆಳಗಾವಿ)

ಆರು ಸ್ಟಡ್ಡಿನ ಗಾಡಿಗಳಿಗೆ ಈ ನಡುವಿನ ತೂತೇ ಮುಖ್ಯ ವಿಷಯ, ಹಾಗಾಗಿ ಇಲ್ಲೇ ಬರೆಯುತ್ತೇನೆ. ಫಾರ್ಚುನರ್, ಹೈಲಕ್ಸ್, ಎಂಡೆವರ್, ಪಜೇರೊ, ಪಜೇರೊ ಸ್ಪೋರ್ಟ್, ಇಸುಜು ವಿ-ಕ್ರಾಸ್ ಎಲ್ಲವೂ 6×139.7. ಆರು ಸ್ಟಡ್ಡಿಗೆ ಅಳತೆ ಸುಲಭ: ಎದುರು ಬದುರು ತೂತಿನ ನಡುವಿನಿಂದ ನಡುವಿಗೆ ನೇರವಾಗಿ 139.7, ಪಕ್ಕಪಕ್ಕದ್ದು ಅದರ ಅರ್ಧ, 69.85.

ಆದರೆ ಹಬ್ಬಿನ ನಡು ಬೇರೆ ಬೇರೆ. ಟೊಯೊಟಾ 106.1. ಇಸುಜು 100.1. ಎಂಡೆವರ್ (2016ರ ನಂತರದ್ದು) 93.1. ಪಜೇರೊ 67.1. ದೊಡ್ಡ ತೂತಿನ ಗಾಲಿ ಸಣ್ಣ ಹಬ್ಬಿಗೆ ಹೋಗುತ್ತದೆ, ಸಣ್ಣ ತೂತಿನದು ದೊಡ್ಡ ಹಬ್ಬಿಗೆ ಹೋಗುವುದಿಲ್ಲ. ಆದ್ದರಿಂದ ಫಾರ್ಚುನರ್ ಗಾಲಿ ಉಳಿದ ಎಲ್ಲದಕ್ಕೂ ಹೋಗುತ್ತದೆ, ಹೈಲಕ್ಸ್ ಬಿಟ್ಟು ಉಳಿದವುಗಳ ಗಾಲಿ ಫಾರ್ಚುನರಿಗೆ ಬರುವುದಿಲ್ಲ. ಪಜೇರೊ ಗಾಲಿ ಪಜೇರೊ ಬಿಟ್ಟು ಬೇರೆಲ್ಲೂ ಸಲ್ಲದು. ಎಂಡೆವರ್ ಗಾಲಿಯ ನಡು ಕೊರೆಸಿ 93 ರಿಂದ 106 ಮಾಡುವವರಿದ್ದಾರೆ. ಸ್ಟಡ್ ತೂತಿನ ಒಳ ಅಂಚಿಗೂ ನಡುವಿನ ತೂತಿಗೂ ಮಧ್ಯೆ ಉಳಿಯುವ ಲೋಹ ಎಷ್ಟೆಂದು ಅಳೆಯದೆ ಅದಕ್ಕೆ ಕೈ ಹಾಕಬೇಡಿ.

ಫಾರ್ಚುನರ್ ಗಾಲಿಯನ್ನು ಎಂಡೆವರ್‌ಗೆ ಹಾಕಿದರೆ ನಡುವೆ 13 ಮಿ.ಮೀ. ಸಡಿಲು. ಇಲ್ಲಿ ಆ ಸಡಿಲು ತುಂಬುವ ಹಬ್ ರಿಂಗ್ ಬರುತ್ತದೆ. ರಿಂಗ್ ಭಾರ ಹೊರುವುದಿಲ್ಲ. ಭಾರ ಹೊರುವುದು ನಟ್ಟಿನ ಬಿಗಿತದಿಂದ ಎರಡು ಮುಖಗಳ ನಡುವೆ ಹುಟ್ಟುವ ಘರ್ಷಣೆ. ರಿಂಗಿನ ಕೆಲಸ ಬಿಗಿಯುವ ಹೊತ್ತಿಗೆ ಗಾಲಿಯನ್ನು ನಟ್ಟನಡುವೆ ಹಿಡಿಯುವುದು ಮಾತ್ರ. ನಟ್ಟು 60 ಡಿಗ್ರಿ ಕೋನ್ ಮೂತಿಯದಾದರೆ ರಿಂಗ್ ಇಲ್ಲದೆಯೂ ಜಾಗ್ರತೆಯಿಂದ ಬಿಗಿದರೆ ಗಾಲಿ ತಾನೇ ನಡುವಿಗೆ ಬರುತ್ತದೆ. ಟೊಯೊಟಾದ ಹಲವು ಅಲಾಯ್‌ಗಳಿಗೆ ಬರುವ ವಾಶರ್ ಸಮೇತ ಚಪ್ಪಟೆ ಮೂತಿಯ ನಟ್ಟು ಹಾಗಲ್ಲ. ಅದಕ್ಕೆ ಗಾಲಿಯನ್ನು ನಡುವಿಗೆ ತರುವ ಶಕ್ತಿಯೇ ಇಲ್ಲ, ಪೂರ್ತಿ ಹಬ್ಬಿನ ಕಟ್ಟನ್ನೇ ನಂಬಿರುತ್ತದೆ. ಅಂಥ ಗಾಲಿಯನ್ನು ಸಣ್ಣ ಹಬ್ಬಿನ ಗಾಡಿಗೆ ರಿಂಗ್ ಇಲ್ಲದೆ ಹಾಕಿದರೆ ನಡುಕ ಖಚಿತ. ಪ್ಲಾಸ್ಟಿಕ್ ರಿಂಗ್ ಘಟ್ಟ ಇಳಿಯುವಾಗಿನ ಬ್ರೇಕ್ ಬಿಸಿಗೆ ಮೆತ್ತಗಾಗುತ್ತದೆ, ಚೋರ್ಲಾ ಘಾಟಿನ ಕಡೆ ಓಡಾಡುವವರು ಅಲ್ಯೂಮಿನಿಯಂ ರಿಂಗನ್ನೇ ತೆಗೆದುಕೊಳ್ಳಿ.

ಆಫ್‌ಸೆಟ್ ಮರೆಯಬೇಡಿ. ಎಂಡೆವರ್ 8ಜೆ +55, ಫಾರ್ಚುನರ್ 17 ಇಂಚಿನದು 7.5ಜೆ +30. ಫಾರ್ಚುನರ್ ಗಾಲಿಯನ್ನು ಎಂಡೆವರ್‌ಗೆ ಹಾಕಿದರೆ ಹೊರ ಅಂಚು ಮೊದಲಿಗಿಂತ ಸುಮಾರು 19 ಮಿ.ಮೀ. ಆಚೆ ಬರುತ್ತದೆ.

ಜಮಖಂಡಿ ಗ್ಯಾರೇಜ್ (ಬಾಗಲಕೋಟೆ)

ಸರ್ ಹೇಳಿದ್ದಕ್ಕ ಒಂದು ಸೇರಸತೀನಿ. ಮೂತಿ ಬ್ಯಾರೆ ಆದ್ರ ಬಿಗಿಯೂ ನಿಲ್ಲೂದಿಲ್ಲ. ಕೋನ್ ಜಾಗಕ್ಕ ಗುಂಡು ಮೂತಿ ನಟ್ಟು ಹಾಕಿದ್ರ ಬರೇ ಒಂದು ಗೆರಿ ಮ್ಯಾಲ ಕೂಡತೈತಿ, ಹತ್ತು ಕಿಲೋಮೀಟರಿಗೆ ಸಡಿಲಾಗತೈತಿ. ನಾಕು ಅಲಾಯ್, ಸ್ಟೆಪ್ನಿ ಮಾತ್ರ ಸ್ಟೀಲ್ ಇದ್ರ ಸ್ಟೆಪ್ನಿಗೆ ಬೇಕಾದ ನಟ್ಟು ಒಂದು ಸೆಟ್ ಟೂಲ್ ಚೀಲದಾಗ ಇಡ್ರಿ. ನಟ್ಟಿಗೆ ಪೇಂಟಿನ ಚುಕ್ಕಿ ಹಚ್ಚಿಟ್ರ ಕತ್ತಲದಾಗೂ ಅದಲು ಬದಲು ಆಗೂದಿಲ್ಲ.

ಡೋಣಿ ದಂಡಿ (ವಿಜಯಪುರ)

ಜಿಪ್ಸಿ ಡಿಸ್ಕಿನ ಜೋಡಿ 205/70 ಆರ್15 ಟಾಯರೂ ಬರತಾವ, ಒಂದೆರಡು ಛಲೋ ಅದಾವ. ಸದ್ಯಕ್ಕ ಒಂದನ್ನ ಸ್ಟೆಪ್ನಿ ಮಾಡ್ಲೇನು?

ಖಾನಾಪುರ ಕೆಸರು (ಬೆಳಗಾವಿ)

ಹೆದ್ದಾರಿ ಮ್ಯಾಲ ಎರಡು ಗಾಲಿ ಡ್ರೈವ್‌ನೊಳಗ ಪಂಚರ್ ಅಂಗಡಿ ತನಕ, ಹೂಂ. 4ಎಚ್ (ನಾಲ್ಕೂ ಗಾಲಿ ಡ್ರೈವ್) ಹಾಕಿದ್ರ ಇಲ್ಲ.

195/80 ಆರ್15 ರ ಎತ್ತರ 693 ಮಿ.ಮೀ. 205/70 ರದ್ದು 668. ಕಾಗದದ ಲೆಕ್ಕದೊಳಗ ಮೊದಲನೇದು ಕಿಲೋಮೀಟರಿಗೆ 459 ಸುತ್ತು, ಎರಡನೇದು 476. ಹಿಂದ ಒಂದು ಬದಿ ಸಣ್ಣದು ಹಾಕಿದ್ರ ಹಿಂದಿನ ಆಕ್ಸಲ್ ಸರಾಸರಿ ಎಂಟೂವರೆ ಸುತ್ತು ಜಾಸ್ತಿ. ಜಿಮ್ನಿ ಟ್ರಾನ್ಸ್‌ಫರ್ ಕೇಸಿನ್ಯಾಗ ಮುಂದ ಹಿಂದ ಎರಡೂ ಗಟ್ಟಿ ಕೂಡತಾವ, ನಡುವ ಡಿಫರೆನ್ಷಿಯಲ್ ಇಲ್ಲ. ಆ ಎಂಟೂವರೆ ಸುತ್ತು ಟಾಯರ್ ಜಾರಿಯೇ ಹೋಗಬೇಕು. ಎರಿ ಕೆಸರಿನೊಳಗ ಜಾರತೈತಿ, ತೊಂದರಿ ಇಲ್ಲ. ಹೊಲ ಬಿಟ್ಟು ಡಾಂಬರಿಗೆ ಹತ್ತಿದ ಮ್ಯಾಲೂ 4ಎಚ್‌ನ್ಯಾಗ ಇಟ್ರ ಲೀವರ್ ಹೊರಗ ಬರಾಕ ಒಲ್ಲೆ ಅಂತೈತಿ, ಚೈನು, ಗೇರು, ಪ್ರೊಪೆಲ್ಲರ್ ಶಾಫ್ಟಿನ ಕ್ರಾಸು ಎಲ್ಲಾದಕ್ಕೂ ಪೆಟ್ಟು.

ಎರಡನೇ ಸೆಟ್ಟಿಗೆ 215/75 ಆರ್15 ತಗೋರಿ. 703 ಮಿ.ಮೀ., ಒಂದೂವರೆ ಪರ್ಸೆಂಟ್ ಎತ್ತರ ಅಷ್ಟ, 5.5 ಇಂಚಿನ ರಿಮ್ಮಿಗೂ ಕೂಡತೈತಿ. 235/75 ಆರ್15 ಅಂದ್ರ 733, ಸುಮಾರು 6 ಪರ್ಸೆಂಟ್ ಎತ್ತರ, ರಿಮ್ಮೂ 6 ಇಂಚಿಗಿಂತ ಕಡಿಮಿ ಇರಬಾರದು. ಮೀಟರ್ 80 ತೋರಿಸಿದಾಗ ಗಾಡಿ ಮೊದಲಿಗಿಂತ ಸುಮಾರು 5 ಜಾಸ್ತಿ ಓಡತಿರತೈತಿ. ಸಣ್ಣ ಎಂಜಿನ್ನಿಗೆ ಘಟ್ಟದಾಗ ಅದು ಭಾರ. ಮತ್ತ ಎರಡನೇ ಸೆಟ್ ಅಂದ್ರ ಐದು ಗಾಲಿ, ನಾಕಲ್ಲ.

ಇಳಕಲ್ ನಾಲ್ಕು ಗಾಲಿ (ಬಾಗಲಕೋಟೆ)

ಇನ್ನೊಂದು ಪ್ರಶ್ನೆ. ಪಿಸಿಡಿ ಹೊಂದದಿದ್ರ ಡಿಸ್ಕಿಗೆ ಹೊಸಾ ತೂತು ಹೊಡಸಿದ್ರ? ಹಳೇ ಐದು ತೂತಿನ ನಡುವ ಜಾಗ ಇರತೈತಲ್ಲ.

ಉದ್ಯಮಬಾಗ ಲೇತ್ (ಬೆಳಗಾವಿ)

ಜಾಗ ಇರತೈತಿ, 36 ಡಿಗ್ರಿ ತಿರುಗಿಸಿದ್ರ ಐದು ಹೊಸ ತೂತು ಬೀಳತಾವ. ಆದ್ರ ಸ್ಟೀಲ್ ಡಿಸ್ಕಿನ ತೂತು ಬರೇ ತೂತಲ್ಲ. ಕಂಪನಿಯವರು ಅದರ ಸುತ್ತ ಹಾಳಿ ಒತ್ತಿ ಉಬ್ಬಿಸಿರತಾರ, ನಟ್ಟು ಬಿಗಿದಾಗ ಅದು ಸ್ವಲ್ಪ ಸ್ಪ್ರಿಂಗ್ ಹಂಗ ಒತ್ತಿ ಹಿಡಿತೈತಿ. ಡ್ರಿಲ್ ಹೊಡದ ತೂತಿಗೆ ಅದು ಇಲ್ಲ. ಬಿಗಿ ಸಡಿಲಾಗತೈತಿ, ಹತ್ತು ತೂತಿನ ನಡುವ ಬಿರುಕು ಬೀಳತೈತಿ. ಅಲಾಯ್‌ಗೆ ತೂತು ತುಂಬಿಸಿ ವೆಲ್ಡ್ ಮಾಡಿ ಮತ್ತ ಕೊರಿಯೂದಂತೂ ಮಾತಾಡೂದ ಬ್ಯಾಡ.

ಹಬ್ಬಿನ ಫ್ಲ್ಯಾಂಜಿಗೆ ಜಾಗ ಇದ್ರ ಅದನ್ನ ಕೊರದು ಹೊಸ ಸ್ಟಡ್ ಹಾಕೂದು ಡಿಸ್ಕ್ ಕೊರಿಯೂದಕ್ಕಿಂತ ಮೇಲು. ಇಂಡೆಕ್ಸ್ ಹಚ್ಚಿ 72 ಡಿಗ್ರಿ ಲೆಕ್ಕಕ್ಕ ಕೊರೀಬೇಕು, ಪಂಚ್ ಹೊಡದು ಕೈ ಡ್ರಿಲ್ಲಿನಿಂದ ಅಲ್ಲ. ಸ್ಟಡ್ಡಿನ ಕೊರಳಿಗೆ ಹಲ್ಲು ಇರತಾವಲ್ಲ, ಅದರ ವ್ಯಾಸಕ್ಕ ತಕ್ಕ ತೂತು ಇಲ್ಲಂದ್ರ ನಟ್ಟು ತಿರುಗಿಸಿದಾಗ ಸ್ಟಡ್ಡೂ ಜೋಡಿ ತಿರುಗತೈತಿ. ಹಳೇ ಸ್ಟಡ್ ತಗಿಯೂದು, ಹೊಸದು ಕೂಡಿಸೂದು ಪ್ರೆಸ್ಸಿನಿಂದ ಮಾಡಸ್ರಿ. ಬೇರಿಂಗ್ ಹಬ್ಬಿನ್ಯಾಗ ಇದ್ದಾಗ ಸುತ್ತಿಗಿ ಬಡದ್ರ ಬೇರಿಂಗ್ ಹಾದಿ ಮ್ಯಾಲ ಗುಂಡಿನ ಗುರುತು ಬೀಳತಾವ, ಆಮ್ಯಾಲ ಜೀವನಪೂರ್ತಿ ಗುಂಯ್ ಅಂತೈತಿ.

ನಿರ್ವಾಹಕ

ಒಂದು ಸೂಚನೆ. ಮೋಟಾರು ವಾಹನ ಕಾಯ್ದೆ 1988ರ ಕಲಂ 52ರ ಪ್ರಕಾರ ನೋಂದಣಿ ಪತ್ರದಲ್ಲಿರುವ ವಿವರ ತಯಾರಕರು ನಮೂದಿಸಿದ್ದಕ್ಕಿಂತ ಬೇರೆಯಾಗುವಂತೆ ಗಾಡಿಯನ್ನು ಬದಲಾಯಿಸುವಂತಿಲ್ಲ. ಫೆಂಡರ್‌ನಿಂದ ಹೊರಗೆ ಚಾಚಿದ ಗಾಲಿ, ಅಡಾಪ್ಟರ್ ಇತ್ಯಾದಿ ಹಾಕುವವರು ತಪಾಸಣೆಯ ಜೊತೆಗೆ ವಿಮೆಯ ವಿಚಾರವನ್ನೂ ತಲೆಯಲ್ಲಿಡಿ. ಚರ್ಚೆ ಮುಂದುವರಿಸಿ.

ಜಮಖಂಡಿ ಗ್ಯಾರೇಜ್ (ಬಾಗಲಕೋಟೆ)

ಡೋಣಿ ದಂಡಿಯವರ, ಡಿಸ್ಕ್ ತಂದ ಮ್ಯಾಲ ಟಾಯರ್ ಏರಿಸೋಕಿಂತ ಮೊದಲ ಬರೇ ಡಿಸ್ಕ್ ಹಾಕಿ ನೋಡ್ರಿ. ಹಬ್ಬಿನ ಮುಖ, ಡಿಸ್ಕಿನ ಹಿಂದಿನ ಮುಖ ಎರಡನ್ನೂ ತಂತಿ ಬ್ರಶ್ಶಿನಿಂದ ಕಬ್ಬಿಣ ಕಾಣೂತನ ತಿಕ್ರಿ. ಗುಜರಿಯವರು ಚಂದ ಕಾಣಲಿ ಅಂತ ಎರಡು ಕೋಟ್ ಬಣ್ಣ ಹೊಡದಿರತಾರ. ಕೂಡೋ ಮುಖದ ಮ್ಯಾಲಿನ ಬಣ್ಣ ಓಡಾಡತಾ ತೆಳ್ಳಗಾಗಿ ನಟ್ಟು ತಾನ ಸಡಿಲಾಗತೈತಿ. ಕೈಯಿಂದ ಒತ್ತಿದ್ರ ಡಿಸ್ಕ್ ಪೂರ್ತಿ ಕೂಡಬೇಕು, ಸಂದಿನ್ಯಾಗ ಕಾಗದದ ಚೂರು ಹೋಗಬಾರದು. ನಟ್ಟು ಕೈಯಿಂದ ಎಣಿಸಿ ಹಾಕಿ, ಹಗುರಕ ಬಿಗಿದು, ಗಾಲಿ ತಿರುವ್ರಿ. ಮುಂದಿನ ಕ್ಯಾಲಿಪರಿಗೂ ರಿಮ್ಮಿಗೂ ಎಲ್ಲೂ 3 ಮಿ.ಮೀ.ಗಿಂತ ಕಡಿಮಿ ಸಂದು ಇರಬಾರದು. ಒಳಗ ಬ್ಯಾಲೆನ್ಸ್ ತೂಕ ಹಚ್ಚೋ ಜಾಗಕ್ಕ ಇನ್ನೂ ಜಾಸ್ತಿ ಬೇಕು. ಇದು ಸರಿ ಬಂದ್ರ ಅಷ್ಟ ಟಾಯರ್ ಏರಸ್ರಿ, ಆಮ್ಯಾಲ ಸ್ಟೀರಿಂಗ್ ಎರಡೂ ಕಡೆ ಪೂರ್ತಿ ತಿರುಗಿಸಿ, ಒಂದು ಗಾಲಿ ಕಲ್ಲಿನ ಮ್ಯಾಲ ಹತ್ತಿಸಿ ಒಳಗ ಎಲ್ಲಾದ್ರೂ ಉಜ್ಜತೈತೇನು ನೋಡ್ರಿ.

ಬಿಗಿಯೂದು ಜ್ಯಾಕಿನ ಮ್ಯಾಲ ಅಲ್ಲ. ಜ್ಯಾಕಿನ ಮ್ಯಾಲ ಕೈಯಿಂದ ಕೂಡಿಸಿ, ನೆಲಕ್ಕ ಇಳಿಸಿ, ಒಂದು ಬಿಟ್ಟು ಒಂದು (1-3-5-2-4). ಜಿಮ್ನಿಗೆ 100 ನ್ಯೂಟನ್ ಮೀಟರ್, ಅಂದ್ರ ಅರ್ಧ ಮೀಟರ್ ಪಾನಾದ ತುದಿಗೆ ಸುಮಾರು 20 ಕಿಲೋ ಭಾರ. ಫಾರ್ಚುನರಿಗೆ 105. ಪಾನಾಕ್ಕ ಪೈಪ್ ತುರುಕಿ ಅದರ ಮ್ಯಾಲ ನಿಂತು ಕುಣಿಯೂದು ಸ್ಟಡ್ ಎಳದು ಉದ್ದ ಮಾಡಿದಂಗ. ಥ್ರೆಡ್ಡಿಗೆ ಎಣ್ಣಿ, ಗ್ರೀಸ್ ಹಚ್ಚಬ್ಯಾಡ್ರಿ, ಅದ 100 ಕ್ಕ ಸ್ಟಡ್ ಮ್ಯಾಲ ಬೀಳೋ ಎಳೆತ ಬಾಳ ಏರತೈತಿ. ಜಂಗ ಹಿಡಿಯೂದಕ್ಕ ಹೆದರಿದ್ರ ಡಿಸ್ಕಿನ ನಡುವಿನ ತೂತಿನ ಅಂಚಿಗೆ ಮಾತ್ರ ತೆಳ್ಳಗ ಗ್ರೀಸ್ ಹಚ್ರಿ. 50 ರಿಂದ 100 ಕಿಲೋಮೀಟರ್ ಓಡಿದ ಮ್ಯಾಲ ಮತ್ತೊಮ್ಮೆ ಟಾರ್ಕ್ ರೆಂಚ್ ಹಚ್ರಿ.

ಖಾನಾಪುರ ಕೆಸರು (ಬೆಳಗಾವಿ)

ಮತ್ತ ಎರಿ ಹೊಲದಿಂದ ಬಂದ ಮರುದಿನ ಹೆದ್ದಾರಿ ಮ್ಯಾಲ ಗಾಡಿ ನಡಗಿದ್ರ ಹೊಸ ಡಿಸ್ಕನ್ನ ಬೈಬ್ಯಾಡ್ರಿ. ಕರಿಮಣ್ಣು ರಿಮ್ಮಿನ ಒಳಬದಿ ಮೆತ್ತಿ ಒಣಗಿ ಕಲ್ಲಾಗಿರತೈತಿ. ಅರ್ಧ ಕಿಲೋ ಮಣ್ಣು ಒಂದ ಬದಿಗೆ ನಿಂತ್ರ ಯಾವ ಬ್ಯಾಲೆನ್ಸೂ ಉಳಿಯೂದಿಲ್ಲ. ಸ್ಟೀಲ್ ಡಿಸ್ಕಿನ್ಯಾಗ ಇದು ಜಾಸ್ತಿ, ಮಣ್ಣು ಹೊರಗ ಬೀಳಾಕ ಸಂದು ಸಣ್ಣವು. ಮೊದಲ ಒಳಗಿನಿಂದ ನೀರು ಹೊಡೀರಿ, ಆಮ್ಯಾಲ ಗ್ಯಾರೇಜಿಗೆ ಹೋಗ್ರಿ.

ಡೋಣಿ ದಂಡಿ (ವಿಜಯಪುರ)

ಎಲ್ಲಾರಿಗೂ ಶರಣ್ರಿ. ಜಿಪ್ಸಿ ಡಿಸ್ಕ್ ಐದು, ಟಾಯರ್ 215/75, ನಟ್ಟು ಗಾಡೀವ. ಕಡೀದೊಂದು: ಸಾಮಾನು ಎಳಿಯಾಕ ಸಣ್ಣ ಟ್ರೇಲರ್ ಮಾಡಸೋ ವಿಚಾರ ಅದ. ಕಬ್ಬಿನ ಟ್ರೇಲರ್ ಮಾಡಾವರು ತಮ್ಮ ಹಬ್ ಹಾಕಿ ಕೊಡತೀವಿ ಅಂತಾರ.

ಉದ್ಯಮಬಾಗ ಲೇತ್ (ಬೆಳಗಾವಿ)

ಅವರ ಹಬ್ಬು ಟನ್‌ಗಟ್ಟಲೆ ಕಬ್ಬಿಗೆ, ಟ್ರ್ಯಾಕ್ಟರಿನ ಸ್ಪೀಡಿಗೆ. ಅದರ ಗಾಲಿಯೂ ಬ್ಯಾರೆ. ಟ್ರೇಲರಿಗೂ 5×139.7, ನಡು 108, ಸ್ಟಡ್ ಎಂ12×1.25 ಅಂತ ಬರದು ಕೊಡ್ರಿ. ಗಾಡಿ, ಟ್ರೇಲರ್ ಎರಡಕ್ಕೂ ಒಂದ ಸ್ಟೆಪ್ನಿ, ಒಂದ ಪಾನಾ ಆಗತೈತಿ. ಹಬ್ ಮುಖದ ರನ್‌ಔಟ್ (ತಿರುಗೂಮುಂದ ಬರೋ ಓಲಾಟ) ಡಯಲ್ ಹಚ್ಚಿ ತೋರಿಸಂತ ಕೇಳ್ರಿ, 0.1 ಮಿ.ಮೀ. ಒಳಗ ಬರಬೇಕು. ಆಕ್ಸಲ್ ಉದ್ದ ಹೇಳೂಮುಂದ ಡಿಸ್ಕಿನ ಆಫ್‌ಸೆಟ್ ಅಳದು ಕೊಡ್ರಿ, ಟ್ರೇಲರಿನ ಗಾಲಿ ಗಾಡಿಯ ಗಾಲಿ ಹಾದಿಯೊಳಗನ ಬರಬೇಕು. ಎರಿ ಹೊಲದಾಗ ಎರಡು ಹಾದಿ ಕಡದ್ರ ಎಳಿಯೂ ಭಾರ ಎರಡು ಪಟ್ಟು.